ಡೋಲಿನ ಬೆರಳಿಗೆ ಗಂಜಿಬಟ್ಟೆ

ನನಗೆ ಆಗ ಹತ್ತು ವರ್ಷ. ಇದಾಗಿ ಎಪ್ಪತ್ತು ವರ್ಷ ಕಳೆಯಿತು. ಕುಶಾಲನಗರಕ್ಕೆ ಆಗ ಜನ ಫ್ರೇಜರ್‌ಪೇಟೆ ಅನ್ನುತ್ತಿದ್ದರು. ಕೊಡಗು ಅಂದರೆ ಅದೇ ಒಂದು ರಾಜ್ಯ, ಕಾವೇರಿ ದಾಟಿದರೆ ಮೈಸೂರು ರಾಜ್ಯ. ನಮ್ಮ ಮನೆ ಸೇತುವೆಯ ಈಚೆ ಬದಿಗೆ, ರಸ್ತೆಗೆ ಬೆನ್ನು ಹಾಕಿಕೊಂಡು ಇತ್ತು. ಯಾಕೆ ಹೀಗೆ ಕಟ್ಟಿದಿರಿ ಅಂತ ಕೇಳಿದರೆ ತಾತ, ಮನೆ ಮೊದಲು ಬಂತು ರಸ್ತೆ ಆಮೇಲೆ ಬಂತು ಅನ್ನುತ್ತಿದ್ದ. ಮುಂದೆ ಜಗಲಿ, ಜಗಲಿಯ ಮೇಲೆ ಮಸೆಗಲ್ಲು, ಒಂದು ಮೊಂಡು ಮಣೆ, ಅಂಚು ಒಡೆದ ಕನ್ನಡಿ. ಒಳಗೆ ನಡುಮನೆ. ನಡುಮನೆಯ ತೊಲೆಗೆ ಹಗ್ಗ ಕಟ್ಟಿ ಡೋಲು ನೇತುಹಾಕಿತ್ತು. ಅದರ ಹಿಂದೆ ಅಡುಗೆಮನೆ. ಅಷ್ಟೇ ಮನೆ. ನಮ್ಮದು ಕ್ಷೌರದ ಕಸುಬು ಮತ್ತು ವಾಲಗ. ದಿನಾ ಬೆಳಗ್ಗೆ ಕತ್ತಿ, ಮದುವೆ ಬಂದಾಗ ವಾಲಗ. ಹಾಸನದ ಕಡೆಯಿಂದ ಬಂದು ಇಲ್ಲಿ ಗದ್ದೆ ಮಾಡಿದ ಗೌಡರ ಹಿಂದೆಯೇ ನಮ್ಮ ಹಿರಿಯರೂ ಬಂದರಂತೆ. ಊರು ಬಿಟ್ಟರೂ ಅವರ ಗಡ್ಡ ಬೆಳೆಯುವುದು ನಿಲ್ಲಲಿಲ್ಲವಲ್ಲ.

ಆ ಮನೆಯಲ್ಲಿ ಸುಮ್ಮನೆ ಕೂತವರನ್ನು ನಾನು ನೋಡಲಿಲ್ಲ. ಅಪ್ಪ ನಾಗಸ್ವರ ಊದುವವನು. ಊದದೆ ಇರುವಾಗಲೂ ಕೆನ್ನೆ ಆಡಿಸುತ್ತಿದ್ದ, ಬಾಯಲ್ಲಿ ಎಲೆಯಡಿಕೆ ಇಲ್ಲದೆಯೂ ಅಗಿಯುತ್ತಿದ್ದ. ತಾಳ ತಾತನ ಕೈಲಿ. ಶ್ರುತಿ ಊದುವವನು ಸಿದ್ದಭಾವ, ಅಂದರೆ ಹೊಳೆಯಾಚೆಗೆ ಕೊಟ್ಟಿದ್ದ ನಮ್ಮ ಸೋದರತ್ತೆಯ ಮಗ. ಉಣ್ಣುವುದು ಮಲಗುವುದು ಎಲ್ಲ ನಮ್ಮಲ್ಲೇ. ಡೋಲು ಚಿಕ್ಕಪ್ಪನದು. ಅವನ ಹೆಸರು ನಂಜುಂಡ. ಅನ್ನ ಕಲಸುವಾಗಲೂ ಅವನ ಕೈ ತಟ್ಟೆಯ ಅಂಚಿಗೆ ಬಡಿಯುತ್ತಿತ್ತು. ಕಂಬಕ್ಕೆ ಒರಗಿದರೆ ಕಂಬಕ್ಕೆ, ನನ್ನನ್ನು ಹೆಗಲಿಗೆ ಹಾಕಿಕೊಂಡರೆ ನನ್ನ ಬೆನ್ನಿಗೆ. ಕತ್ತಿ ಹಿಡಿಯುವುದು ಮಾತ್ರ ಅವನಿಗೆ ಆಗಿಬರುತ್ತಿರಲಿಲ್ಲ. ತಾತ ಬಲವಂತಕ್ಕೆ ಜಗಲಿಗೆ ಕೂರಿಸಿದರೆ, ಗಿರಾಕಿಯ ತಲೆಗೆ ನೀರು ಹಚ್ಚುವ ನೆಪದಲ್ಲಿ ತಲೆಯ ಮೇಲೇ ಬಾರಿಸಲು ಶುರು ಮಾಡುತ್ತಿದ್ದ. ಒಂದು ಸಲ ಗಾಡಿ ಹೊಡೆಯುವ ಸಾಬರೊಬ್ಬರು ಮುಚ್ಚಿದ ಕಣ್ಣು ಬಿಡದೆ ಕೇಳಿದರು:

"ನಂಜುಂಡ, ಮದುವೆ ಯಾರದ್ದು? ಹೆಣ್ಣನ್ನಾದ್ರೂ ತೋರ್ಸು."

ಚಿಕ್ಕಪ್ಪನಿಗೆ ಮದುವೆಯಾಗಿರಲಿಲ್ಲ. ಊರವರ ಮದುವೆಗೆಲ್ಲ ಬಾರಿಸಿ ಅವನಿಗೆ ಅದರ ಮೇಲೆ ವಾಕರಿಕೆ ಬಂದಿದೆ ಅಂತ ಅವ್ವ ಅನ್ನುತ್ತಿದ್ದಳು. ಡೋಲಿನ ಒಂದು ಬದಿಗೆ ಕೋಲು, ಇನ್ನೊಂದು ಬದಿಗೆ ಬೆರಳು. ಬರಿ ಬೆರಳಲ್ಲಿ ಹೊಡೆದರೆ ಮದುವೆ ಮುಗಿಯುವಷ್ಟರಲ್ಲಿ ಚರ್ಮ ಸುಲಿದುಹೋಗುತ್ತದೆ. ಅದಕ್ಕೆ ಹಳೆ ಪಂಚೆಯನ್ನು ಸಣ್ಣ ಪಟ್ಟಿಯಾಗಿ ಹರಿದು, ಗಟ್ಟಿ ಅಕ್ಕಿಗಂಜಿಯಲ್ಲಿ ಅದ್ದಿ, ಬೆರಳ ತುದಿಗೆ ಸುತ್ತಿನ ಮೇಲೆ ಸುತ್ತು ಹಾಕಿ ಒಣಗಿಸಬೇಕು. ಒಣಗಿದ ಮೇಲೆ ಅದು ಕಲ್ಲು. ಅದಕ್ಕೆ ಗೂಡು ಅನ್ನುತ್ತೇವೆ. ಸುತ್ತುವ ಕೆಲಸ ನನ್ನದು. ಬಿಗಿಯಾದರೆ ಬೆರಳು ನೀಲಿಗಟ್ಟುತ್ತದೆ, ಸಡಿಲವಾದರೆ ಗೂಡು ಹಾರಿಹೋಗಿ ಹಸೆಮಣೆಯ ಮೇಲೆ ಬೀಳುತ್ತದೆ. ಇದಕ್ಕೆಲ್ಲ ಅಕ್ಕಿ ಬೇಕು. ನಮ್ಮ ಮನೆಯಲ್ಲಿ ಅಕ್ಕಿ ಅನ್ನುವುದು ಗೌಡರ ಕಣದಿಂದ ಸುಗ್ಗಿಯಲ್ಲಿ ಬಂದಷ್ಟು ದಿನ, ಆಮೇಲೆ ರಾಗಿ. ಹಾಗಾಗಿ ಗೂಡಿಗೆ ಗಂಜಿ ಕಾಯಿಸುವ ದಿನ ಜಗಳ ಇದ್ದದ್ದೇ. ಅವ್ವ ಪಾತ್ರೆಯನ್ನು ಕುಕ್ಕಿ ಇಟ್ಟು, ನನ್ನ ಮಕ್ಕಳ ಬಾಯಿಗಿಲ್ಲದ ಅಕ್ಕಿ ನಿನ್ನ ಬೆರಳಿಗೆ ಅನ್ನುತ್ತಿದ್ದಳು. ಚಿಕ್ಕಪ್ಪ ಉತ್ತರ ಕೊಡುತ್ತಿರಲಿಲ್ಲ, ಬೆರಳು ಚಾಚಿಕೊಂಡು ಕೂರುತ್ತಿದ್ದ. ಅದು ಅವಳಿಗೆ ಇನ್ನೂ ಉರಿ. ಅವನನ್ನು ಊಟಕ್ಕೆ ಹೆಸರು ಹಿಡಿದು ಕರೆಯುವುದನ್ನೇ ಅವಳು ಬಿಟ್ಟುಬಿಟ್ಟಿದ್ದಳು. ಒಲೆ ಮುಂದಿನ ಸೌದೆ ಚಕ್ಕೆ ಎತ್ತಿ ಅವನ ಬೆನ್ನಿಗೆ ಎಸೆಯುತ್ತಿದ್ದಳು. ಅವನು ಬೆನ್ನು ಕೆರೆದುಕೊಂಡು ಎದ್ದು ಬರುತ್ತಿದ್ದ. ಅತ್ತೆ ಇದನ್ನು ಒಂದು ದಿನ ನೋಡಿ, ನನ್ನ ತಮ್ಮನಿಗೆ ನಾಯಿಗೆ ಎಸೆದ ಹಾಗೆ ಎಸೀತಾಳೆ ಅಂತ ಹೊಳೆಯ ಎರಡೂ ದಡದಲ್ಲಿ ಸಾರಿಬಂದಳು.

ಹಾಗೆ ಗೂಡು ಸುತ್ತುತ್ತಿದ್ದ ಒಂದು ಮಧ್ಯಾಹ್ನ ಬೆಕ್ಕು ಅಟ್ಟದ ಮೇಲಿಂದ ಹಿತ್ತಾಳೆ ಕೊಳಗ ಬೀಳಿಸಿತು. ಬಿದ್ದದ್ದು ಚಿಕ್ಕಪ್ಪನ ಬೆನ್ನಿನ ಹಿಂದೆಯೇ. ನಾನು ಹಾರಿಬಿದ್ದೆ. ಜಗಲಿಯಲ್ಲಿ ಅಪ್ಪನ ಕತ್ತಿ ಜಾರಿ ಗಿರಾಕಿ ಅಯ್ಯೋ ಅಂದದ್ದು ಕೇಳಿಸಿತು. ನನ್ನ ಕೈಯಲ್ಲಿದ್ದ ಚಿಕ್ಕಪ್ಪನ ಬೆರಳು ಮಾತ್ರ ಅಲ್ಲಾಡಲಿಲ್ಲ. ಇಟ್ಟ ಹಾಗೇ ಇತ್ತು. ನಾನು ಅವನ ಮುಖ ನೋಡಿದೆ. ಅವನು ನನ್ನ ಮುಖ ನೋಡಿ, ಆಮೇಲೆ ಹಿಂದೆ ತಿರುಗಿ, ಇನ್ನೂ ಉರುಳುತ್ತಿದ್ದ ಕೊಳಗ ನೋಡಿದ. ಅವನಿಗೆ ಒಂದು ಕಿವಿ ಸಣ್ಣವನಿದ್ದಾಗಲೇ ಜ್ವರದಲ್ಲಿ ಹೋಗಿತ್ತು. ಅದು ಎಲ್ಲರಿಗೂ ಗೊತ್ತಿದ್ದದ್ದೇ. ಇನ್ನೊಂದು ಕಿವಿಯೂ ಹೋಗಿದೆ ಅನ್ನುವುದು ನನಗೆ ಆ ಗಳಿಗೆಯಲ್ಲಿ ಗೊತ್ತಾಯಿತು. ಅವನು ನನ್ನ ಕಡೆ ಬಗ್ಗಿ ಗುಟ್ಟಾಗಿ ಹೇಳಿದ. ಅವನ ಲೆಕ್ಕಕ್ಕೆ ಅದು ಗುಟ್ಟು. ಬೀದಿಯ ಆ ಕೊನೆಗೂ ಕೇಳಿಸುವ ಹಾಗಿತ್ತು.

"ಯಾರಿಗೂ ಹೇಳ್ಬೇಡ ಕಣೆ ಚೆನ್ನಿ."

ಜಗಲಿಯಿಂದ ತಾತ, ಏನದು ಹೇಳಬಾರದ್ದು ಅಂತ ಕೇಳಿದ. ಚಿಕ್ಕಪ್ಪ ಬೆಲ್ಲ ಕದ್ದ ಅಂದೆ. ಒಲೆ ಮುಂದೆ ಕೂತಿದ್ದ ಅವ್ವ ನಕ್ಕಳು. ಮನೆಯಲ್ಲಿ ಬೆಲ್ಲವೇ ಇರಲಿಲ್ಲ. ಅದಕ್ಕೆ ನಕ್ಕಳು ಅಂತ ನಾನು ತಿಳಿದುಕೊಂಡೆ.

ಹೇಳಿದರೆ ಏನಾಗುತ್ತದೆ ಅನ್ನುವುದು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಜೋಯಿಸರು ಗಟ್ಟಿಮೇಳ ಅಂತ ಕೂಗುತ್ತಾರೆ. ಆ ಮಾತು ಬಿದ್ದ ಕೂಡಲೆ ಡೋಲು ಜೋರಾಗಿ ಏಳಬೇಕು. ಯಾರಾದರೂ ಸೀನಿದರೆ, ಕೆಟ್ಟ ಮಾತಾಡಿದರೆ, ಅದು ಹೆಣ್ಣುಗಂಡಿನ ಕಿವಿಗೆ ಬೀಳಬಾರದು. ಮುಂಚೆ ಎದ್ದರೂ ತಪ್ಪು, ತಡವಾದರೂ ತಪ್ಪು. ಮೊದಲು ತಾತನೇ ಡೋಲಿನವನು. ಅವನ ಕಾಲದಲ್ಲಿ ಒಂದು ಮದುವೆಯಲ್ಲಿ ಡೋಲು ಉಸಿರು ಎಳೆಯುವಷ್ಟು ತಡವಾಗಿ, ನಡುವೆ ಯಾರೋ ಸೀನಿದ್ದು ಚಪ್ಪರಕ್ಕೆಲ್ಲ ಕೇಳಿತಂತೆ. ಆ ಮದುಮಗ ವರ್ಷ ತಿರುಗುವುದರೊಳಗೆ ಹೊಳೆಗೆ ಬಿದ್ದು ಸತ್ತ. ಸೀನಿಗೂ ಹೊಳೆಗೂ ಏನು ಸಂಬಂಧ ಅಂತ ನಾನು ಈಗ ಕೇಳಬಲ್ಲೆ. ತಾತ ಕೇಳಲಿಲ್ಲ. ಡೋಲನ್ನು ತಾನೇ ಕಳಚಿ ಚಿಕ್ಕಪ್ಪನ ಕೊರಳಿಗೆ ಹಾಕಿ, ತಾಳ ಹಿಡಿದು ಪಕ್ಕಕ್ಕೆ ಕೂತ. ಗಟ್ಟಿಮೇಳ ತಪ್ಪಿದವನ ಕೊರಳಲ್ಲಿ ಡೋಲು ಇರಬಾರದು, ಅದು ತಾತ ಹಾಕಿದ ಕಟ್ಟು. ಚಿಕ್ಕಪ್ಪ ತಪ್ಪಿದರೆ ಡೋಲು ಸಿದ್ದಭಾವನಿಗೆ. ಭಾವ ಕೆಟ್ಟವನಲ್ಲ. ಉಣ್ಣುವಾಗ ತೊಡೆಯ ಮೇಲೆ ಬಾರಿಸಿಕೊಳ್ಳುತ್ತಿದ್ದ, ಒಂದು ಪೆಟ್ಟೂ ತಪ್ಪುತ್ತಿರಲಿಲ್ಲ. ಅದನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಅತ್ತೆಯಂತೂ ಸಂತೆದಿನ ನಮ್ಮ ಮನೆಗೆ ಬಂದರೆ ದೇವರ ಪಟಕ್ಕಿಂತ ಮೊದಲು ತೊಲೆಯ ಕಡೆ ನೋಡುತ್ತಿದ್ದಳು. ಕತ್ತಿ ಕೈಗೂಡದ ಚಿಕ್ಕಪ್ಪನಿಗೆ ಆಮೇಲೆ ಉಳಿಯುವುದು ಎಸ್ಟೇಟು ಒಂದೇ. ಪಾಲಿಬೆಟ್ಟದ ತೋಟಕ್ಕೆ ಆಳು ಹುಡುಕಿಕೊಂಡು ಬರುವ ಮೇಸ್ತ್ರಿಯೊಬ್ಬ ನಮ್ಮ ಜಗಲಿಯಲ್ಲೇ ಗಡ್ಡ ತೆಗೆಸಿಕೊಳ್ಳುತ್ತಿದ್ದ. ಬಂದಾಗಲೆಲ್ಲ ತಮಿಳು ಕನ್ನಡ ಕಲಸಿ, ಇಲ್ಲಿ ಏನು ಇರುಕ್ಕು, ಲೈನಲ್ಲಿ ಮನೆ ಕೊಡ್ತಾರೆ, ವಾ ನಂಜುಂಡ ಅನ್ನುತ್ತಿದ್ದ. ಲೈನು ಅಂದರೆ ತೋಟದ ಆಳುಗಳ ಸಾಲುಮನೆ. ಚಿಕ್ಕಪ್ಪ ಅವನ ತುಟಿ ನೋಡಿ ನಗುತ್ತಿದ್ದ. ಆ ನಗು ಯಾಕೆ ಅಷ್ಟು ತಡವಾಗಿ ಬರುತ್ತದೆ ಅಂತ ನನಗೆ ಕೊಳಗ ಬಿದ್ದ ಮೇಲೆ ತಿಳಿಯಿತು.

ಉಳಿದ ಬಾಜನೆಯೆಲ್ಲ ಅವನಿಗೆ ಕಷ್ಟವಿರಲಿಲ್ಲ. ಅಪ್ಪನ ಕೆನ್ನೆ, ಅಪ್ಪನ ಕಾಲಿನ ಹೆಬ್ಬೆರಳು, ತಾತನ ತಾಳ ಮೇಲೆ ಕೆಳಗೆ ಹೋಗುವುದು, ಇಷ್ಟು ನೋಡಿಕೊಂಡು ಹೊಡೆಯುತ್ತಿದ್ದ. ಡೋಲಿನ ಸದ್ದು ಹೊಟ್ಟೆಗೆ ಗೊತ್ತಾಗುತ್ತದೆ ಅನ್ನುತ್ತಿದ್ದ. ಗಟ್ಟಿಮೇಳ ಒಂದೇ ಕಷ್ಟ. ಅದಕ್ಕೆ ಅಪ್ಪನೂ ಡೋಲಿಗಾಗಿ ಕಾಯುತ್ತಾನೆ. ಡೋಲು ಎದ್ದ ಮೇಲೆ ನಾಗಸ್ವರ ಏಳುವುದು. ಜೋಯಿಸರ ಬಾಯಿ ಜನರ ನಡುವೆ ಕಾಣುವುದಿಲ್ಲ, ನಾವು ಕೂರುವುದು ಚಪ್ಪರದ ಅಂಚಿನಲ್ಲಿ. ಹಾಗಾಗಿ ಚಿಕ್ಕಪ್ಪ ಸಂತೆಯಿಂದ ನನಗೆ ಕೆಂಪು ಟೇಪು ತಂದ. ನಾನು ಮಂಟಪದ ಕಂಬದ ಬುಡದಲ್ಲಿ, ಅವನಿಗೆ ಕಾಣುವ ಹಾಗೆ ಕೂರಬೇಕು. ಟೇಪು ಕಟ್ಟಿದ ಜಡೆಯನ್ನು ಎದೆಯ ಮೇಲೆ ಎಳೆದುಕೊಂಡು ಎರಡು ಕೈಯಲ್ಲೂ ಹಿಡಿದಿರಬೇಕು. ಜೋಯಿಸರು ಗಟ್ಟಿಮೇಳ ಅಂದ ಕೂಡಲೆ ಜಡೆಯನ್ನು ಬೆನ್ನಿಗೆ ಎಸೆಯಬೇಕು. ಅಲ್ಲಿಯವರೆಗೆ ಅಲ್ಲಾಡಬಾರದು. ನನ್ನಂಥವಳಿಗೆ ಇದು ಎಂಥ ಶಿಕ್ಷೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ನಾನು ಊಟಕ್ಕೂ ಕೂರದೆ ತಟ್ಟೆ ಹಿಡಿದು ಓಡಾಡುತ್ತಿದ್ದವಳು. ಅವನು ನನ್ನನ್ನು ಹೊಳೆಯ ಬಂಡೆಯ ಮೇಲೆ ಕೂರಿಸಿ, ಸೇತುವೆಯ ಮೇಲೆ ಎತ್ತಿನಗಾಡಿ ಈ ತುದಿಯಿಂದ ಆ ತುದಿ ಮುಟ್ಟುವವರೆಗೆ ಜಡೆ ಬಿಡಬಾರದು ಅನ್ನುತ್ತಿದ್ದ. ನೊಣ ಮೂಗಿನ ಮೇಲೆ ಕೂರುತ್ತಿತ್ತು. ಕಾಲಲ್ಲಿ ಇರುವೆ ಹರಿದ ಹಾಗಾಗುತ್ತಿತ್ತು. ಗಾಡಿಯವನು ನಡುವೆ ನಿಂತು ಬೀಡಿ ಹಚ್ಚಿದರೆ ಅವನ ವಂಶಕ್ಕೆಲ್ಲ ಶಾಪ ಹಾಕುತ್ತಿದ್ದೆ. ಆದರೂ ಕಲಿತೆ. ಆ ವರ್ಷದ ಮದುವೆಗಳೆಲ್ಲ ನನ್ನ ಜಡೆಯ ಮೇಲೇ ನಡೆದವು, ಒಂದು ಗಟ್ಟಿಮೇಳವೂ ತಪ್ಪಲಿಲ್ಲ. ಅವ್ವ ಪ್ರತಿ ಮದುವೆಯ ಬೆಳಗ್ಗೆ ಕೇಳದೆಯೇ ಟೇಪನ್ನು ಬಿಗಿಯಾಗಿ ಕಟ್ಟಿ ಕಳಿಸುತ್ತಿದ್ದಳು.

ಸುಗ್ಗಿ ಮುಗಿದ ಮೇಲೆ ಹೊಳೆದಂಡೆ ಗೌಡರ ಮಗಳು ಜಯಮ್ಮನ ಮದುವೆ ಬಂತು. ಗಂಡು ಹೊಳೆಯಾಚೆಯದು. ಹೆಣ್ಣಿನ ಕಡೆಯವರು ಗಂಡಿನ ದಿಬ್ಬಣವನ್ನು ವಾಲಗದ ಜೊತೆ ಎದುರುಗೊಳ್ಳುವುದು ಕ್ರಮ. ನಾವು ಬೆಳಗ್ಗೆಯೇ ಹೋಗಿ ಸೇತುವೆಯ ಈಚೆ ತುದಿಯಲ್ಲಿ ನಿಂತೆವು. ದಿಬ್ಬಣ ಆಚೆ ತುದಿಯಲ್ಲಿ ನಿಂತಿತು. ಅವರು ಬರಲಿಲ್ಲ, ನಾವು ಹೋಗಲಿಲ್ಲ. ಅಲ್ಲಿಂದ ಒಬ್ಬ ಓಡಿ ಬಂದು, ವಾಲಗ ಆಚೆಗೆ ಬಂದು ಕರೆದುಕೊಂಡು ಹೋಗಬೇಕಂತೆ, ಗಂಡಿನ ಸೋದರಮಾವ ಹೇಳುತ್ತಿದ್ದಾರೆ ಅಂದ. ತಾತ ತಲೆ ಆಡಿಸಿದ. ಹೊಳೆಯಾಚೆಯ ಊರುಗಳು ಬೇರೆ ವಾಲಗದವರ ಪಾಲು, ಅಲ್ಲಿ ಕಾಲಿಟ್ಟು ಊದಿದರೆ ಅವರ ತಟ್ಟೆಗೆ ಕೈ ಹಾಕಿದ ಹಾಗೆ. ಇದನ್ನು ಗೌಡರಿಗೆ ಹೇಳಿದರೆ ಅವರಿಗೆ ಅರ್ಥವಾಗುವುದಿಲ್ಲ, ಅವರ ಪಾಲು ಅಂದರೆ ಗದ್ದೆ ಮಾತ್ರ. ಬಿಸಿಲೇರಿದ ಮೇಲೆ ದಿಬ್ಬಣದ ಗಾಡಿಗಳು ತಾವೇ ದಾಟಿಕೊಂಡು ಬಂದವು. ಸೋದರಮಾವ ಅನ್ನುವವನು ಮೊದಲ ಗಾಡಿಯಲ್ಲಿದ್ದ, ದೊಡ್ಡ ಆಳು, ಅಂಗಿಯ ಗುಂಡಿ ಎಲ್ಲ ಹಾಕಿದ್ದ. ಅಪ್ಪ ಊದಿದ, ಚಿಕ್ಕಪ್ಪ ಬಾರಿಸಿದ. ಆ ಮನುಷ್ಯ ನಮ್ಮ ಕಡೆ ತಿರುಗಲೇ ಇಲ್ಲ.

ಉಪ್ಪಿಟ್ಟು ತಿನ್ನುವಾಗ ಅವನು ಗೊಣಗಿದ, ಕಾಲು ತೊಳೆಯುವಾಗ ಗೊಣಗಿದ. ಗಂಡು ಬಂದು ಹಸೆಗೆ ಕೂತಿತು, ಹೆಣ್ಣನ್ನು ತಂದು ಕೂರಿಸಿದರು, ಧಾರೆ ಮುಗಿಯಿತು, ಎಲ್ಲರ ಕೈಗೂ ಅಕ್ಷತೆ ಹಂಚಿದರು. ಗಂಡಿನ ಕೈಗೆ ತಾಳಿ ಬಂತು. ನಾನು ಕಂಬದ ಬುಡದಲ್ಲಿ ಜಡೆ ಹಿಡಿದು ಕೂತಿದ್ದೆ. ಆಗ ಸೋದರಮಾವ ಎದ್ದು ನಿಂತು, ನಿಲ್ಲಿಸಿ ಅಂದ. ದಿಕ್ಕಿಲ್ಲದವರ ಹಾಗೆ ತಾವೇ ಸೇತುವೆ ದಾಟಿಕೊಂಡು ಇನ್ನೊಂದು ರಾಜ್ಯಕ್ಕೆ ಬಂದ ಹಾಗಾಯಿತು, ಈಗಲೇ ವಾಲಗ ಸಮೇತ ಸೇತುವೆಗೆ ಹೋಗಿ ಮತ್ತೆ ಕರೆದುಕೊಂಡು ಬರಬೇಕು, ಆಮೇಲೇ ತಾಳಿ ಅಂದ. ಹೆಣ್ಣಿನ ಅಪ್ಪ ಕೈ ಮುಗಿದ. ಜೋಯಿಸರು ಹೊತ್ತು ಮೀರುತ್ತದೆ ಅಂದರು. ಮೀರಲಿ ಅಂದ. ಹೆಣ್ಣಿನ ಕಡೆಯ ಯುವಕರು, ಸೇತುವೆ ತೋರಿಸ್ತೀವಿ ಬಾ, ಕೆಳಗಿನಿಂದ ತೋರಿಸ್ತೀವಿ ಅಂದರು. ಚಪ್ಪರದವರೆಲ್ಲ ಎದ್ದು ನಿಂತರು. ನನ್ನ ಬೆನ್ನಿಗೆ ಯಾರದೋ ಮೊಣಕಾಲು ಒತ್ತುತ್ತಿತ್ತು. ನಾನು ಜಡೆ ಬಿಡಲಿಲ್ಲ. ಜನರ ಕಾಲುಗಳ ಸಂದಿಯಿಂದ ಚಿಕ್ಕಪ್ಪ ಕಾಣುತ್ತಿದ್ದ, ಅವನ ಕಣ್ಣು ನನ್ನ ಟೇಪಿನ ಮೇಲೇ ಇತ್ತು. ಅವನ ಬೆರಳುಗಳು ಡೋಲಿನ ಚರ್ಮಕ್ಕೆ ತಾಗದೆ ಮೇಲೆಯೇ ಕುಣಿಯುತ್ತಿದ್ದವು. ಜಯಮ್ಮ ತಲೆ ಬಗ್ಗಿಸಿ ಕೂತಿದ್ದಳು. ಅವಳ ಸ್ವಂತ ದೊಡ್ಡಪ್ಪನೇ ಕೊನೆಗೆ ರೇಗಿ ಕೂಗಿದ:

"ಹೆಣ್ಣನ್ನ ಎಬ್ಬಿಸಿ. ಇವರ ಮನೆಗೆ ಕೊಡೋದೇ ಬ್ಯಾಡ."

ಹಸೆಯಿಂದ ತಾಳಿಯಿಲ್ಲದೆ ಎದ್ದ ಹೆಣ್ಣನ್ನು ಆಗ ಯಾರೂ ಕೇಳುತ್ತಿರಲಿಲ್ಲ. ಹಾಗೆ ಎದ್ದವಳೊಬ್ಬಳು ನಮ್ಮ ಬೀದಿಯಲ್ಲೇ ಅಣ್ಣಂದಿರ ಮನೆಯ ಹಿಟ್ಟು ಬೀಸುತ್ತ ಮುದುಕಿಯಾಗಿದ್ದಳು. ಜಯಮ್ಮನ ಚಿಕ್ಕಮ್ಮ ಬಂದು ಅವಳ ಕಂಕುಳಿಗೆ ಕೈ ಹಾಕಿದಳು. ಚಿಕ್ಕಪ್ಪನ ಕಣ್ಣು ನನ್ನ ಟೇಪನ್ನು ಬಿಟ್ಟು ಆ ಕೈಯ ಮೇಲೆ ಹೋಯಿತು. ಮತ್ತೆ ನನ್ನ ಟೇಪಿಗೆ ಬಂತು. ನನ್ನ ಎರಡು ಕೈಯೂ ಜಡೆಯ ಮೇಲೇ ಇದ್ದವು. ಡೋಲು ಎದ್ದಿತು.

ಎಂಥ ಡೋಲು ಅಂದರೆ, ಚಪ್ಪರದ ಸೋಗೆ ಅದುರಿತು. ಅಪ್ಪನಿಗೆ ಯೋಚನೆ ಮಾಡಲು ಹೊತ್ತೆಲ್ಲಿ, ಬದುಕಿಡೀ ಡೋಲು ಎದ್ದ ಮೇಲೆ ಊದಿದವನು, ಊದಿದ. ಭಾವನ ಶ್ರುತಿ ಹಿಡಿಯಿತು. ತಾತನ ತಾಳ ಕೂಡ ಬಿತ್ತು. ಬೈಯುತ್ತ ನಿಂತಿದ್ದವರ ಕೈಗಳೆಲ್ಲ ತಾವಾಗಿಯೇ ಮೇಲೆದ್ದು ಅಕ್ಷತೆ ಎಸೆದವು. ಸೋದರಮಾವನ ಕೈಯಲ್ಲಿದ್ದದ್ದೂ ಬಿತ್ತು, ನಾನು ನೋಡಿದ್ದೇನೆ. ಎಬ್ಬಿಸಲು ಬಂದವಳು ಕೈ ತೆಗೆದು ತಾನೂ ನಾಲ್ಕು ಕಾಳು ಹಾಕಿದಳು. ಆ ಹುಡುಗ ತಾಳಿ ಹಿಡಿದು ಹೊತ್ತಾಗಿತ್ತು, ಕೈ ಬೆವರಿತ್ತೋ ಏನೋ, ಸದ್ದಾದದ್ದೇ ಕಟ್ಟಿಬಿಟ್ಟ. ಡೋಲು ನಿಂತಾಗ ಎಲ್ಲ ಆಗಿಹೋಗಿತ್ತು.

ಸೋದರಮಾವ ಜನರನ್ನು ಸೀಳಿಕೊಂಡು ನಮ್ಮ ಹತ್ತಿರ ಬಂದ. ತಾತ ಎದ್ದು ಅಡ್ಡ ನಿಂತ, ಆ ಮನುಷ್ಯ ತಾತನನ್ನು ಪಕ್ಕಕ್ಕೆ ಸರಿಸಿದ.

"ಯಾರ್ಲಾ ಹೇಳಿದ್ದು ನಿಂಗೆ, ಬಾರ್ಸು ಅಂತ?"

ಹಿರಿಯರು ನಿಲ್ಲಿಸಿದ ಮದುವೆಯನ್ನು ವಾಲಗದವನು ಬೇಕೆಂದೇ ನಡೆಸಿದ ಅಂತ ಆಗಿದ್ದರೆ, ಹೊಳೆಯ ಈಚೆ ದಡದ ಗೌಡರಲ್ಲೂ ಯಾರೂ ನಮ್ಮನ್ನು ಇನ್ನೊಂದು ಮದುವೆಗೆ ಕರೆಯುತ್ತಿರಲಿಲ್ಲ. ಅಪ್ಪನ ಕೆನ್ನೆ ಆಡುವುದು ನಿಂತಿತ್ತು. ಚಿಕ್ಕಪ್ಪ ಆ ಮನುಷ್ಯನ ಬಾಯಿ ನೋಡಿದ. ನನ್ನ ಕಡೆ ಬೊಟ್ಟು ಮಾಡಬಹುದಿತ್ತು, ಈ ಮಗು ಸನ್ನೆ ಮಾಡಿತು ಅನ್ನಬಹುದಿತ್ತು. ನನ್ನ ಕಡೆ ನೋಡಲೂ ಇಲ್ಲ. ಎಂದಿನ ಆ ದೊಡ್ಡ ದನಿಯಲ್ಲೇ ಹೇಳಿದ:

"ನಂಗೆ ಕಿವಿ ಕೇಳ್ಸಕಿಲ್ಲ ಸ್ವಾಮಿ. ಎಲ್ರೂ ಎದ್ ನಿಂತ್ರಲ್ಲ, ಆಯ್ತು ಅನ್ಕೊಂಡೆ."

ಸೋದರಮಾವ ನಂಬಲಿಲ್ಲ. ಸುತ್ತಿ ಅವನ ಬೆನ್ನ ಹಿಂದೆ ಹೋಗಿ, ಅವನ ತಾಯಿಯ ಮೇಲೆ ಒಂದು ಮಾತು ಅಂದ. ಇಲ್ಲಿ ಬರೆಯುವಂಥದ್ದಲ್ಲ. ತಾತನ ಮುಖ ಕಪ್ಪಾಯಿತು, ಅದು ಅವನ ಹೆಂಡತಿಯ ಮೇಲಿನ ಮಾತು. ಚಿಕ್ಕಪ್ಪ ಮುಂದೆ ನೋಡಿಕೊಂಡು ಡೋಲಿನ ಬಾರು ಸರಿಮಾಡುತ್ತಿದ್ದ. ಆಗ ಹೆಣ್ಣಿನ ಅಜ್ಜಿ, ಹಲ್ಲಿಲ್ಲದ ಮುದುಕಿ, ಕೂತಲ್ಲಿಂದಲೇ ಅಂದಳು:

"ಬಯ್ಯೋದಾದ್ರೆ ಸನ್ನೇಲಿ ಬಯ್ಯಪ್ಪ, ಅವನಿಗೂ ಗೊತ್ತಾಗ್ಲಿ."

ಮೊದಲು ಹೆಂಗಸರು ನಕ್ಕರು, ಆಮೇಲೆ ಗಂಡಿನ ಕಡೆಯವರೇ ನಕ್ಕರು. ಜೋಯಿಸರು ಕಟ್ಟಿದ್ದು ಕಟ್ಟಿದ ಹಾಗೆ ಅಂತ ಅವಸರವಾಗಿ ಮಂತ್ರ ಮುಂದುವರಿಸಿದರು. ಕಿವುಡನ ಮೇಲೆ ಕೈ ಮಾಡಿದರೆ ಮರ್ಯಾದೆ ಯಾರದ್ದು ಹೋಗುತ್ತದೆ ಅಂತ ಆ ಮನುಷ್ಯನಿಗೂ ತೋಚಿರಬೇಕು. ಊಟದ ಎಲೆ ಎಲ್ಲಿ ಹಾಕುತ್ತಾರೆ ಅಂತ ಕೇಳಿಕೊಂಡು ಹೋದ.

ತಾತ ಮನೆಗೆ ಹೋಗುವವರೆಗೂ ಕಾಯಲಿಲ್ಲ. ಅಲ್ಲೇ, ಎಲ್ಲರೆದುರಿಗೆ, ಎರಡು ಕೈ ಚಾಚಿದ. ಚಿಕ್ಕಪ್ಪ ಬಾರನ್ನು ತಲೆಯ ಮೇಲಿಂದ ತೆಗೆದು ಡೋಲನ್ನು ಅವನ ಕೈಯಲ್ಲಿಟ್ಟ. ಭಾವ ಶ್ರುತಿ ಕೆಳಗಿಟ್ಟು ಡೋಲು ಹಾಕಿಕೊಂಡ. ಊಟದ ಹೊತ್ತಿನ ಬಾಜನೆಯನ್ನು ಅವನೇ ಬಾರಿಸಿದ. ಚಿಕ್ಕಪ್ಪನ ಗೂಡು ಅವನ ದಪ್ಪ ಬೆರಳಿಗೆ ಹಿಡಿಸಲಿಲ್ಲ, ಬರಿಗೈಯಲ್ಲೇ ಹೊಡೆದ. ಚೆನ್ನಾಗಿಯೇ ಹೊಡೆದ.

ಬರುವಾಗ ಚಿಕ್ಕಪ್ಪ ಮತ್ತೆ ನಾನು ಎಲ್ಲರಿಗಿಂತ ಹಿಂದೆ ಹೊಳೆಯ ಬದಿಯಲ್ಲಿ ನಡೆದೆವು. ಅವನು ಗೂಡುಗಳನ್ನು ಒಂದೊಂದಾಗಿ ತಿರುಚಿ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದ. ನಾನು ಮುಂದೆ ಓಡಿ ಹಿಮ್ಮುಖವಾಗಿ ನಡೆಯುತ್ತ, ಅವನಿಗೆ ನನ್ನ ಬಾಯಿ ಕಾಣುವ ಹಾಗೆ ಹೇಳಿದೆ:

"ನಾನು ಜಡೆ ಬಿಟ್ಟಿರ್ಲಿಲ್ಲ."

"ಗೊತ್ತು. ನೋಡ್ತಾನೇ ಇದ್ದೆ."

"ಮತ್ತೆ?"

"ಅವಳ ಕಂಕುಳಿಗೆ ಕೈ ಹಾಕಿದ್ರಲ್ಲ. ಎಬ್ಬಿಸಿದ್ರೆ ಮತ್ತೆ ಯಾರು ಕೂರಿಸ್ತಿದ್ರು ಅವಳನ್ನ? ಕೈ ಸುಮ್ನಿರ್ಲಿಲ್ಲ ಕಣೆ."

ಅಷ್ಟೇ ಅವನು ಹೇಳಿದ್ದು. ಜಯಮ್ಮ ಅವನಿಗೆ ನೆಂಟಳೂ ಅಲ್ಲ, ಪರಿಚಯದವಳೂ ಅಲ್ಲ. ಅವಳು ಸುಖವಾಗಿ ಬಾಳಿದಳೇ ಅಂತ ಕೇಳಿದರೆ, ಗಂಡ ಕುಡಿಯುತ್ತಿದ್ದ ಅಂತ ಕೇಳಿದ್ದೇನೆ, ಆದರೆ ಸ್ವಂತ ಮನೆಯಲ್ಲಿ ಸತ್ತಳು.

ಸಂಜೆ ಅತ್ತೆ ಓಡಿ ಬಂದಳು. ಸುದ್ದಿ ಅವಳಿಗಿಂತ ಮೊದಲೇ ಸೇತುವೆ ದಾಟಿತ್ತು. ಮಗನಿಗೆ ಡೋಲು ಬಂದ ಸಂತೋಷ ಮುಚ್ಚಿಟ್ಟುಕೊಳ್ಳಲು ದೊಡ್ಡದಾಗಿ ಅತ್ತಳು. ಎಷ್ಟು ದಿನದಿಂದ ಕಿವುಡ, ಇಷ್ಟು ಜನ ಮನೆಯಲ್ಲಿದ್ದು ಯಾರಿಗೂ ಗೊತ್ತಾಗಲಿಲ್ಲವೇ, ಎಂಥ ಮನೆ ಇದು ಅಂತ ನಡುಮನೆಯಲ್ಲಿ ನಿಂತು ಕೇಳಿದಳು. ಅಪ್ಪ ತಲೆ ತಗ್ಗಿಸಿದ. ತಾತ ಗೋಡೆಗೆ ಮುಖ ಮಾಡಿ ಮಲಗಿದ್ದ, ಊಟ ಬೇಡ ಅಂದಿದ್ದ. ಅವ್ವ ಒಲೆ ಮುಂದಿನಿಂದ ಏಳದೆ ಹೇಳಿದಳು:

"ನಂಗೆ ಗೊತ್ತಿತ್ತು. ಇಲ್ದಿದ್ರೆ ಸೌದೆ ಚಕ್ಕೇಲಿ ಯಾಕೆ ಹೊಡೀತಿದ್ದೆ?"

ಬೆಲ್ಲದ ಮಾತಿಗೆ ಅವಳು ಯಾಕೆ ನಕ್ಕಳು ಅನ್ನುವುದು ನನಗೆ ಆಗ ತಿಳಿಯಿತು. ನನ್ನ ಟೇಪನ್ನು ಅಷ್ಟು ಬಿಗಿಯಾಗಿ ಯಾಕೆ ಕಟ್ಟುತ್ತಿದ್ದಳು ಅನ್ನುವುದೂ ತಿಳಿಯಿತು. ಬೆರಳಿಗೆ ಅಕ್ಕಿ ಹಾಕುವುದಕ್ಕೆ ಬೈದದ್ದು ಮಾತ್ರ ನಿಜವಾಗಿಯೇ ಬೈದದ್ದು. ಅಕ್ಕಿ ಅಕ್ಕಿಯೇ.

ಚಿಕ್ಕಪ್ಪ ಮುಂದೆ ಆ ಮೇಸ್ತ್ರಿಯ ಜೊತೆ ಪಾಲಿಬೆಟ್ಟಕ್ಕೆ ಹೋದ. ಕಾಫಿ ಪಿಕ್ಕಿಂಗು ಅವನ ಕೈಗೆ ಬರಲಿಲ್ಲ, ಕೊಂಬೆ ಮುರಿಯುತ್ತಿದ್ದ. ಕೊನೆಗೆ ಅಲ್ಲಿ ಲೆಕ್ಕ ಬರೆಯುವ ರೈಟರು ಅವನಿಗೆ ಬೆಳಗ್ಗೆ ಆಳುಗಳನ್ನು ಎಬ್ಬಿಸಲು ಕಬ್ಬಿಣದ ಹಳಿ ಬಡಿಯುವ ಕೆಲಸ ಕೊಟ್ಟ. ಕಿವುಡನಿಗೆ ಸರಿಯಾದ ಕೆಲಸ ಅಂತ ಲೈನಿನವರು ನಗುತ್ತಿದ್ದರು, ಆ ಸದ್ದಿಗೆ ಉಳಿದವರ ಕಿವಿ ಹೋಗುವ ಹಾಗಿತ್ತು. ನಾನು ಮದುವೆಯಾಗಿ ಅದೇ ತೋಟದ ಲೈನಿಗೆ ಹೋದೆ. ಅವನು ಸಾಯುವವರೆಗೆ ನನ್ನ ಬೆಳಗಾದದ್ದು ಆ ಹಳಿಯಿಂದ. ಬರಿದೇ ಬಡಿಯುತ್ತಿರಲಿಲ್ಲ, ಕೊನೆಯಲ್ಲಿ ಒಂದು ಮುಕ್ತಾಯ ಇಡುತ್ತಿದ್ದ. ಅದು ನನ್ನೊಬ್ಬಳಿಗೆ ಗೊತ್ತಾಗುತ್ತಿತ್ತು. ನಮ್ಮ ಮನೆಯ ವಾಲಗದಲ್ಲಿ ಭಾವನೇ ಡೋಲಿನವನಾದ, ಬಹಳ ವರ್ಷ ಬಾರಿಸಿದ, ಹೆಸರೂ ಮಾಡಿದ. ಇದೆಲ್ಲ ಆಮೇಲಿನದು.

ಮದುವೆಯ ಮಾರನೆ ಬೆಳಗ್ಗೆ ನಾನು ಎದ್ದು ಹೊರಗೆ ಬಂದಾಗ ಜಗಲಿಯ ಮುಂದೆ ಜನ ಸೇರಿದ್ದರು. ಗಡ್ಡ ಇಲ್ಲದವರೂ ಬಂದಿದ್ದರು. ಚಿಕ್ಕಪ್ಪ ಅಂಗಳದ ತುದಿಯಲ್ಲಿ, ಎರಡು ಕೈಯನ್ನೂ ಕಂಕುಳಲ್ಲಿ ಅದುಮಿಕೊಂಡು, ಹೊಳೆಯ ಕಡೆ ಮುಖ ಮಾಡಿ ಕೂತಿದ್ದ. ಬೀದಿಯ ಮಕ್ಕಳು ಅವನ ಹಿಂದೆ ನಿಂತು ನಂಜುಂಡ, ನಂಜುಂಡ ಅಂತ ಕೂಗಿ ಪರೀಕ್ಷೆ ಮಾಡುತ್ತಿದ್ದರು. ದೊಡ್ಡವರು ಮಕ್ಕಳನ್ನು ಗದರಿಸದೆ, ತಿರುಗುತ್ತಾನೋ ಇಲ್ಲವೋ ಅಂತ ತಾವೂ ನೋಡುತ್ತಿದ್ದರು. ಅವ್ವ ಒಳಗಿನಿಂದ ಅವನನ್ನು ಕರಿ ಅಂದಳು. ನಾನು ಒಲೆ ಮುಂದಿನಿಂದ ಒಂದು ಚಕ್ಕೆ ಎತ್ತಿಕೊಂಡು ಬಂದು, ಅಷ್ಟು ಜನರ ಎದುರಿಗೇ, ಅವನ ಬೆನ್ನಿಗೆ ಎಸೆದೆ. ಸರಿಯಾಗಿ ಬಿತ್ತು. ಅವನು ತಿರುಗಿದ. ಗಂಜಿ ಆರುತ್ತಿದೆ ಅಂತ ಬಾಯಲ್ಲಿ ಮಾತ್ರ ಆಡಿ ತೋರಿಸಿದೆ, ದನಿ ಹಾಕಲಿಲ್ಲ. ಬೆನ್ನು ಕೆರೆದುಕೊಂಡು ಎದ್ದು ಒಳಗೆ ಹೋದ. ನಡುಮನೆಯಲ್ಲಿ ಸಿದ್ದಭಾವ ಹರಿದ ಪಂಚೆ ಪಟ್ಟಿಗಳನ್ನೂ ಬಿಸಿ ಗಂಜಿಯನ್ನೂ ಮುಂದಿಟ್ಟುಕೊಂಡು ನನಗಾಗಿ ಕಾಯುತ್ತಿದ್ದ, ನಾಚಿಕೊಂಡು ಬೆರಳು ಚಾಚಿದ. ನಾನು ಅವನ ಮುಂದೆ ಕೂತು ತೋರುಬೆರಳಿಗೆ ಸುತ್ತಲು ಶುರು ಮಾಡಿದೆ. ಅಡುಗೆಮನೆಯಲ್ಲಿ ಅವ್ವ ಪಾತ್ರೆ ಕುಕ್ಕಿದಳು. ಭಾವನ ಬೆರಳು ನನ್ನ ಕೈಯೊಳಗೆ ಬೆಚ್ಚಿತು, ಸುತ್ತು ಸಡಿಲವಾಯಿತು. ಬಿಚ್ಚಿ, ಮತ್ತೆ ಮೊದಲಿಂದ ಸುತ್ತಿದೆ.